ಲಂಗಾದ ಬೀದಿಗಳಲ್ಲಿ ಒಬ್ಬ ಇಮಾಮ್

ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಮುಸ್ಲಿಮರ ಪೂರ್ವಜರಲ್ಲಿ ಬಹಳಷ್ಟು ಮಂದಿ ಡಚ್ಚರು ಗುಲಾಮರನ್ನಾಗಿ ಅಥವಾ ಗಡೀಪಾರು ಮಾಡಿ ಹಡಗಿನಲ್ಲಿ ತಂದವರು. ಇಂಡೋನೇಷ್ಯಾದ ದ್ವೀಪಗಳವರು ಮಾತ್ರವಲ್ಲ, ನಮ್ಮ ಬಂಗಾಳ, ಮಲಬಾರಿನವರೂ ಅವರಲ್ಲಿದ್ದರು. ಎಲ್ಲರಿಗೂ ಬಿದ್ದ ಹೆಸರು ಒಂದೇ, 'ಕೇಪ್ ಮಲಯ್'.

1948ರಲ್ಲಿ ವರ್ಣಭೇದವೇ ಅಲ್ಲಿನ ಸರಕಾರದ ನೀತಿಯಾಯಿತು. ಬಿಳಿಯರು ಮೇಲೆ, ಕರಿಯರು ಎಲ್ಲರಿಗಿಂತ ಕೆಳಗೆ, ಈ ಮುಸ್ಲಿಮರು ನಡುವೆ. ಕರಿಯರಂತೆ ಇವರು ಪಾಸ್ ಪುಸ್ತಕ ಹಿಡಿದು ತಿರುಗಬೇಕಿರಲಿಲ್ಲ. ನಮಾಝಿಗೆ ಅಡ್ಡಿಯಿರಲಿಲ್ಲ, ಮದ್ರಸಗಳೂ ನಡೆಯುತ್ತಿದ್ದವು. 'ನಮ್ಮ ದೀನ್ ಸುರಕ್ಷಿತವಾಗಿದೆಯಲ್ಲ, ಉಳಿದದ್ದು ನಮಗೇಕೆ' ಎಂಬ ಮಾತು ಹುಟ್ಟುವುದು ಇಂಥ ನಡುಮೆಟ್ಟಿಲಿನಲ್ಲೇ. ಉಲಮಾಗಳಲ್ಲೂ ಅನೇಕರು ಹಾಗೆಯೇ ಸುಮ್ಮನಿದ್ದರು.

1955ರಲ್ಲಿ ಕ್ಲೇರ್‌ಮಾಂಟಿನ ಅಲ್ ಜಾಮಿಯಾ ಮಸೀದಿಗೆ ಇಮಾಮರಾಗಿ ಬಂದ ಅಬ್ದುಲ್ಲಾ ಹಾರೂನ್ ಸುಮ್ಮನಿರಲಿಲ್ಲ. ಮಸೀದಿಯ ಚರ್ಚೆಗಳಿಗೆ ಯುವಕರನ್ನೂ ಮಹಿಳೆಯರನ್ನೂ ಕರೆದರು. 1961ರಲ್ಲಿ, ವರ್ಣಭೇದವು ಇಸ್ಲಾಮಿಗೆ ವಿರುದ್ಧವೆಂದು ಸಾರಿದ ಹೇಳಿಕೆಯ ಹಿಂದೆ ನಿಂತರು. ಹೊಟ್ಟೆಪಾಡಿಗೆ ಮಿಠಾಯಿ ಕಂಪನಿಯೊಂದರ ಮಾರಾಟಗಾರರಾಗಿದ್ದರು (ಇಮಾಮರ ಸಂಬಳದ ಕತೆ ಎಲ್ಲ ದೇಶದಲ್ಲೂ ಒಂದೇ ಇರಬೇಕು). ಆ ಕೆಲಸದಿಂದಲೇ ಲಂಗಾ, ನ್ಯಾಂಗಾದಂಥ ಕರಿಯರ ಬಡಾವಣೆಗಳಿಗೆ ಹೋಗಲು ದಾರಿಯಾಯಿತು. ಅಲ್ಲಿಯ ಜನ ಅವರನ್ನು 'ಮ್ಫುಂಡಿಸಿ' ಎಂದು ಕರೆದರು. ತಮ್ಮ ಪಾದ್ರಿಗಳಿಗೆ ಅವರು ಕೊಡುವ ಗೌರವದ ಹೆಸರದು. ಜೈಲು ಸೇರಿದ ಹೋರಾಟಗಾರರ ಮನೆಗಳಿಗೆ ಇಮಾಮರು ಗುಟ್ಟಾಗಿ ಹಣ ಮುಟ್ಟಿಸುತ್ತಿದ್ದರು. ಆ ಮನೆಗಳಲ್ಲಿ ಕಲಿಮಾ ಹೇಳಿದವರು ಎಷ್ಟು ಮಂದಿ ಎಂದು ಅವರು ಕೇಳಲಿಲ್ಲ.

ನಡುಮೆಟ್ಟಿಲಿನ ಸುರಕ್ಷತೆಯೂ ಉಳಿಯಲಿಲ್ಲ. ಕ್ಲೇರ್‌ಮಾಂಟ್ ಬಿಳಿಯರ ಪ್ರದೇಶವೆಂದು ಘೋಷಣೆಯಾಯಿತು. ಮಸೀದಿ ಅಲ್ಲೇ ಉಳಿಯಿತು, ಜಮಾಅತಿನವರು ಮನೆ ಬಿಟ್ಟು ಹೋಗಬೇಕಾಯಿತು.

1969ರ ಮೇ 28ರಂದು ಪೊಲೀಸರು ಇಮಾಮರನ್ನು ಹಿಡಿದೊಯ್ದರು. ನಾಲ್ಕು ತಿಂಗಳು ವಿಚಾರಣೆಯಿಲ್ಲದೆ ಬಂಧನ. ಹೊರಗೆ ಸಮುದಾಯದ ಸಂಸ್ಥೆಗಳು ಬಹುಪಾಲು ಮೌನ. ಸೆಪ್ಟೆಂಬರ್ 27ರಂದು ಅವರು ಬಂಧನದಲ್ಲೇ ತೀರಿಕೊಂಡರು. ಮೆಟ್ಟಿಲಿನಿಂದ ಬಿದ್ದರು ಎಂದರು ಪೊಲೀಸರು, ಮೈತುಂಬ ಗಾಯಗಳಿದ್ದವು.

29ರಂದು ಜನಾಝಾಕ್ಕೆ ಹತ್ತಾರು ಸಾವಿರ ಮಂದಿ ಸೇರಿದರು. ಆ ರಾತ್ರಿ ಅಲ್ಲಿ ಭೂಮಿ ಕಂಪಿಸಿತು. ಅದಕ್ಕೆ ಅರ್ಥ ಹಚ್ಚುವುದು ನನ್ನ ಕೆಲಸವಲ್ಲ. ಆದರೆ ಕೆಲವೇ ದಿನಗಳಲ್ಲಿ ಲಂಡನ್ನಿನ ಸೇಂಟ್ ಪಾಲ್ ಚರ್ಚಿನಲ್ಲಿ ಕ್ರೈಸ್ತರು ಈ ಇಮಾಮರಿಗಾಗಿ ಪ್ರಾರ್ಥನೆ ನಡೆಸಿದ್ದನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು.

ಮೆಟ್ಟಿಲಿನ ಕತೆ ಸುಳ್ಳು, ಚಿತ್ರಹಿಂಸೆಯೇ ಸಾವಿಗೆ ಕಾರಣ ಎಂದು ನ್ಯಾಯಾಲಯ ಹೇಳಿದ್ದು 2023ರ ಅಕ್ಟೋಬರಿನಲ್ಲಿ. ಪತ್ನಿ ಗಲೀಮಾ ಆ ತೀರ್ಪು ಕೇಳಲು ಇರಲಿಲ್ಲ, 2019ರಲ್ಲೇ ತೀರಿಕೊಂಡಿದ್ದರು. ಮಕ್ಕಳು ಕೇಳಿಸಿಕೊಂಡರು.