ಕೇಸರಿ ಸೀರೆ, ಉಪ್ಪಿನ ಪೊಟ್ಟಣ



ಬಾಂದ್ರಾ ಪೂರ್ವದಲ್ಲಿ ಇಳಿದು ಕಲೆಕ್ಟರ್ ಕಚೇರಿಯ ಕಡೆ ನಡೆಯುವಾಗ ನೀವು ಒಂದಲ್ಲ ಒಂದು ದಿನ ಮೋರ್ಚಾ ನೋಡಿಯೇ ಇರುತ್ತೀರಿ. ನೀರಿಲ್ಲವೆಂದು ಹೇಳಲು ಹೆಂಗಸರು ಖಾಲಿ ಹಂಡೆ ಹೊತ್ತು ಬರುತ್ತಾರೆ. ಬೆಲೆ ಏರಿದಾಗ ಈರುಳ್ಳಿಯ ಹಾರ ಕೊರಳಿಗೆ ಬೀಳುತ್ತದೆ. ಲೋಕಲ್ ಹಿಡಿಯುವ ಅವಸರದಲ್ಲಿ ಘೋಷಣೆ ನಮ್ಮ ಕಿವಿಗೆ ಬೀಳದಿದ್ದರೂ ಹಂಡೆ ಕಣ್ಣಿಗೆ ಬೀಳುತ್ತದೆ. ‘ಇದೆಲ್ಲ ಬರೀ ನಾಟಕ’ ಎಂದು ಗೊಣಗುವವರೂ ಇದ್ದಾರೆ. ನಾಟಕವೇ ಸರಿ. ಆದರೆ ಈ ನಾಟಕಕ್ಕೆ ಮುಂಬಯಿಯಲ್ಲಿ ದೊಡ್ಡ ಇತಿಹಾಸವಿದೆ. ಅದರ ಮುಖ್ಯ ಪಾತ್ರಧಾರಿಗಳಲ್ಲಿ ಒಬ್ಬರು ನಮ್ಮ ಮಂಗಳೂರಿನವರು, ಕಮಲಾದೇವಿ ಚಟ್ಟೋಪಾಧ್ಯಾಯ.

ಯಕ್ಷಗಾನ ನೋಡಿ ಬೆಳೆದ ನಿಮಗೆ ಗೊತ್ತು, ಬಣ್ಣದ ವೇಷ ರಂಗಸ್ಥಳಕ್ಕೆ ಬಂದರೆ ಸಾಕು, ಪಾತ್ರ ಬಾಯಿ ಬಿಡುವ ಮೊದಲೇ ಅದು ರಾಕ್ಷಸನೆಂದು ಮಕ್ಕಳಿಗೂ ತಿಳಿಯುತ್ತದೆ. ವೇಷದ ಈ ಶಕ್ತಿಯನ್ನು ರಾಜಕೀಯದಲ್ಲಿ ಗಾಂಧೀಜಿಯಷ್ಟು ಚೆನ್ನಾಗಿ ಅರಿತವರು ಕಡಿಮೆ. 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಅವರು ಅಂಗಿ, ಟೋಪಿ ಬಿಟ್ಟು ತುಂಡು ಪಂಚೆಗೆ ಇಳಿದರು. ಬಡವನ ಉಡುಪೇ ಅವರ ಭಾಷಣವಾಯಿತು. ಅದಕ್ಕೂ ಮೊದಲು, 1908ರಲ್ಲಿ, ಲಂಡನ್ನಿನಲ್ಲಿ ಮತದಾನದ ಹಕ್ಕಿಗಾಗಿ ಹೋರಾಡಿದ ಮಹಿಳೆಯರು ನೇರಳೆ, ಬಿಳಿ, ಹಸಿರು ಬಣ್ಣಗಳನ್ನು ತೊಟ್ಟು ಹೈಡ್ ಪಾರ್ಕಿಗೆ ಬಂದಿದ್ದರು.

ಕಮಲಾದೇವಿ ಹುಟ್ಟಿದ್ದು 1903ರಲ್ಲಿ. ಬಾಲ್ಯದಲ್ಲೇ ಮದುವೆ, ಅಷ್ಟೇ ಬೇಗ ವೈಧವ್ಯ. ಆಮೇಲೆ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಮತ್ತು ನಾಟಕಕಾರ ಹರೀಂದ್ರನಾಥರನ್ನು ಮದುವೆಯಾದರು. ವಿಧವೆಯ ಮರುಮದುವೆ, ಅದೂ ಜಾತಿಯ ಹೊರಗೆ! ಸಾಲದ್ದಕ್ಕೆ ರಂಗದ ಮೇಲೆ ಅಭಿನಯ ಬೇರೆ. ಯಕ್ಷಗಾನದಲ್ಲಿ ಸ್ತ್ರೀವೇಷವನ್ನು ಗಂಡಸರೇ ಕಟ್ಟುತ್ತಿದ್ದ ಕಾಲವದು. ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ನಾಯಕಿಯೆಂದರೆ ಬಾಲಗಂಧರ್ವರು. ‘ಮರ್ಯಾದಸ್ಥ’ ಹೆಂಗಸಿಗೆ ರಂಗಸ್ಥಳವೂ ಸಲ್ಲದು, ಬೀದಿಯೂ ಸಲ್ಲದು ಎಂಬುದು ಆಗಿನ ನಂಬಿಕೆ. ಕಮಲಾದೇವಿ ಎರಡಕ್ಕೂ ಇಳಿದರು.

1930ರ ಮಾರ್ಚ್ 12ರಂದು ದಾಂಡಿಗೆ ಹೊರಟ ಗಾಂಧೀಜಿಯ ತಂಡದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಕಮಲಾದೇವಿ ಸುಮ್ಮನಿರಲಿಲ್ಲ. ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲು ಬೇಕೆಂದು ಗಾಂಧೀಜಿಯೊಡನೆಯೇ ವಾದಿಸಿದರು. ಮುಂಬಯಿಯ ಕಡಲ ತೀರದಲ್ಲಿ ಉಪ್ಪಿನ ಕಾನೂನು ಮುರಿಯಲು ಆಯ್ಕೆಯಾದ ಏಳು ಜನರ ತಂಡದಲ್ಲಿ ಇಬ್ಬರು ಹೆಂಗಸರಿದ್ದರು. ಒಬ್ಬರು ಅವಂತಿಕಾಬಾಯಿ ಗೋಖಲೆ, ಇನ್ನೊಬ್ಬರು ಕಮಲಾದೇವಿ.

ಆ ದಿನಗಳಲ್ಲಿ ಬಾಂದ್ರಾ ಮುಂಬಯಿ ನಗರಕ್ಕೆ ಸೇರಿರಲಿಲ್ಲ, ಉಪನಗರ ಜಿಲ್ಲೆಯಲ್ಲಿತ್ತು. ಇಲ್ಲಿಂದ ಮೂರನೆಯ ಸ್ಟೇಷನ್ ವಿಲೇಪಾರ್ಲೆಯಲ್ಲಿ ಜಮನಾಲಾಲ್ ಬಜಾಜರ ನೇತೃತ್ವದಲ್ಲಿ ಸತ್ಯಾಗ್ರಹಿಗಳ ಶಿಬಿರ ನಡೆದಿತ್ತು. ನಗರದೊಳಗೆ ಕಾಂಗ್ರೆಸ್ ಹೌಸಿನ ತಾರಸಿಯ ಮೇಲೂ ಉಪ್ಪು ತಯಾರಾಗುತ್ತಿತ್ತು. ಪೊಲೀಸರು ಬಂದು ಧ್ವಂಸ ಮಾಡುತ್ತಿದ್ದರು.

ಆಗಲೇ ಮುಂಬಯಿಯ ಬೀದಿಗಳಲ್ಲಿ ‘ದೇಶಸೇವಿಕಾ’ರು ಕಾಣಿಸಿಕೊಂಡರು, ಎಲ್ಲರೂ ಕೇಸರಿ ಬಣ್ಣದ ಸೀರೆಯಲ್ಲಿ. ಇಂದಿನ ಪಕ್ಷ ರಾಜಕೀಯದ ಬಣ್ಣವೆಂದು ಇದನ್ನು ಓದಬೇಡಿ. ಕೇಸರಿ ತ್ಯಾಗದ ಬಣ್ಣವೆಂಬುದು ನಮ್ಮಲ್ಲಿ ಹಳೆಯ ಭಾವನೆ. ಗುಜರಾತಿ, ಮರಾಠಿ, ಪಾರ್ಸಿ ಮನೆಗಳ ಹೆಂಗಸರು ಒಂದೇ ಬಣ್ಣ ಉಟ್ಟು ವಿದೇಶಿ ಬಟ್ಟೆಯ ಅಂಗಡಿಗಳೆದುರು ನಿಂತಾಗ, ಯಾರ ಮನೆಯ ಸೊಸೆ, ಯಾವ ಜಾತಿ ಎಂಬ ಪ್ರಶ್ನೆ ಹಿಂದೆ ಸರಿಯಿತು. ಹೊಸ್ತಿಲು ದಾಟಲು ಅಂಜುತ್ತಿದ್ದವರಿಗೆ ಆ ಸೀರೆ ಒಂದು ಪರವಾನಗಿಯಂತಾಯಿತು.

ಕಮಲಾದೇವಿ ಉಪ್ಪಿನ ಪೊಟ್ಟಣಗಳನ್ನು ಹಿಡಿದು ಶೇರು ಮಾರುಕಟ್ಟೆಗೇ ನುಗ್ಗಿದರು. ಹಣದ ಲೆಕ್ಕ ಬಲ್ಲ ದಲಾಲರ ನಡುವೆ ಚಿಟಿಕೆ ಉಪ್ಪು ಮಾರಾಟಕ್ಕೆ ನಿಂತಿತು! ಹೈಕೋರ್ಟಿನ ಬಳಿ ಮ್ಯಾಜಿಸ್ಟ್ರೇಟರೊಬ್ಬರನ್ನೇ ‘ಸ್ವಾತಂತ್ರ್ಯದ ಉಪ್ಪು’ ಕೊಳ್ಳುತ್ತೀರಾ ಎಂದು ಕೇಳಿದ ಪ್ರಸಂಗವೂ ಉಂಟು. ತ್ರಿವರ್ಣ ಧ್ವಜಕ್ಕಾಗಿ ನಡೆದ ಎಳೆದಾಟದಲ್ಲಿ ಅವರು ಅದನ್ನು ಅಪ್ಪಿ ಹಿಡಿದು ಬಿಡಲೇ ಇಲ್ಲ. ಯಾವ ಜಾಗದಲ್ಲಿ ನಿಲ್ಲಬೇಕು, ಕೈಯಲ್ಲಿ ಏನಿರಬೇಕು, ಯಾರ ಎದುರು ಯಾವ ಮಾತು ಆಡಬೇಕು ಎಂಬುದು ರಂಗದ ಮೇಲೆ ನಿಂತವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಒಂದು ವ್ಯತ್ಯಾಸವನ್ನು ಮಾತ್ರ ನಾವು ಮರೆಯಬಾರದು. ನಾಟಕ ಮುಗಿದರೆ ನಟಿ ಬಣ್ಣ ತೊಳೆದು ಮನೆಗೆ ಹೋಗುತ್ತಾಳೆ. ಕಮಲಾದೇವಿ ಹೋದದ್ದು ಜೈಲಿಗೆ. ಅದೇ ವರ್ಷದ ಡಿಸೆಂಬರ್ 12ರಂದು ಕಾಲಬಾದೇವಿಯಲ್ಲಿ ವಿದೇಶಿ ಬಟ್ಟೆ ಹೊತ್ತ ಲಾರಿಗೆ ಅಡ್ಡ ನಿಂತ ಗಿರಣಿ ಕಾರ್ಮಿಕ ಬಾಬು ಗೇನು ಅದರ ಚಕ್ರಕ್ಕೆ ಸಿಕ್ಕಿ ಪ್ರಾಣ ಬಿಟ್ಟರು. ಬೀದಿಯ ನಾಟಕದಲ್ಲಿ ಬೀಳುವ ಪೆಟ್ಟು ನಿಜವಾದದ್ದು.

ಕಮಲಾದೇವಿ ರಂಗಭೂಮಿಯನ್ನು ಬಿಡಲಿಲ್ಲ. 1931ರಲ್ಲಿ ಮೋಹನ್ ಭವನಾನಿ ನಿರ್ದೇಶಿಸಿದ ‘ವಸಂತಸೇನಾ’ ಮೂಕಿಚಿತ್ರದಲ್ಲಿ ಅಭಿನಯಿಸಿದರು. ನಮ್ಮ ಕೈಲಾಸಂ ಕೂಡ ಅದರಲ್ಲಿದ್ದರು. 1944ರಲ್ಲಿ ಮುಂಬಯಿಯಲ್ಲಿ ಇಂಡಿಯನ್ ನ್ಯಾಷನಲ್ ಥಿಯೇಟರ್ ಕಟ್ಟುವಲ್ಲಿ ಮುಂದಾದರು. 1988ರ ಅಕ್ಟೋಬರ್ 29ರಂದು ಇದೇ ಊರಿನಲ್ಲಿ ತೀರಿಕೊಂಡರು.

ಅವರು ತುಳಿದ ದಾರಿಯಲ್ಲಿ ಬೇರೆಯವರು ನಡೆದರು. 1970ರ ದಶಕದ ಆರಂಭದಲ್ಲಿ ಬೆಲೆಯೇರಿಕೆಯ ವಿರುದ್ಧ ಮೃಣಾಲ್ ಗೋರೆ, ಅಹಿಲ್ಯಾ ರಾಂಗಣೇಕರ್ ಮುಂತಾದವರ ಜೊತೆ ಮುಂಬಯಿಯ ಗೃಹಿಣಿಯರು ಲಟ್ಟಣಿಗೆ ಹಿಡಿದು ತಟ್ಟೆ ಬಡಿಯುತ್ತ ಬೀದಿಗೆ ಬಂದರು. ಈ ಸಲ ಬೇರೆ ವೇಷವೇ ಬೇಕಾಗಲಿಲ್ಲ, ಅಡುಗೆಮನೆಯ ಸಾಮಾನೇ ಸಾಕಾಯಿತು. ನೀರಿಗಾಗಿ ನಡೆಸಿದ ಹೋರಾಟಗಳಿಂದ ಮೃಣಾಲ್ ತಾಯಿಗೆ ಜನ ‘ಪಾಣಿವಾಲಿ ಬಾಯಿ’ ಎಂದೇ ಹೆಸರಿಟ್ಟರು.

ಮಿತ್ರರೇ, ಮುಂದಿನ ಸಲ ಬಾಂದ್ರಾದಲ್ಲಿ ಖಾಲಿ ಹಂಡೆಗಳ ಸಾಲು ಎದುರಾದರೆ, ರೈಲು ತಪ್ಪಿದರೂ ಸರಿ, ಒಂದು ನಿಮಿಷ ನಿಲ್ಲಿ. ಹೊತ್ತವರಲ್ಲಿ ಎಷ್ಟೋ ಜನ ಆ ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಅವರು ಏನು ತೋರಿಸುತ್ತಿದ್ದಾರೆಂದು ನೋಡುವಷ್ಟಾದರೂ ಪ್ರೇಕ್ಷಕರು ನಾವಾಗೋಣ.