ಏಳು ಮಂದಿ ಹೆಂಗಸರಿಂದ ಹದಿನಾಲ್ಕು ತಾಣಗಳವರೆಗೆ

1721ರಲ್ಲಿ ಇಟಲಿಯ ವೈದ್ಯ ಆಂಟೋನಿಯೊ ವಲ್ಲಿಸ್ನಿಯೇರಿ ಒಬ್ಬ ರೈತ ಮಹಿಳೆಯ ವಿಷಯ ಬರೆದಿಟ್ಟ. ಮೈ ತುಂಬಿಕೊಂಡ ಹೆಂಗಸು, ಮದುವೆಯಾಗಿದ್ದರೂ ಮಕ್ಕಳಿರಲಿಲ್ಲ. ಆಕೆಯ ಅಂಡಾಶಯಗಳು ಪಾರಿವಾಳದ ಮೊಟ್ಟೆಯ ಗಾತ್ರವಿದ್ದು, ಉಬ್ಬುತಗ್ಗಾಗಿ ಬೆಳ್ಳಗೆ ಹೊಳೆಯುತ್ತಿದ್ದವಂತೆ. ಆ ಮಾತು ಇನ್ನೂರು ವರ್ಷ ಅಲ್ಲಿಗೇ ನಿಂತಿತು.

1935ರಲ್ಲಿ ಷಿಕಾಗೋದ ಇರ್ವಿಂಗ್ ಸ್ಟೈನ್ ಮತ್ತು ಮೈಕೇಲ್ ಲೆವೆಂಥಾಲ್ ಇಂಥವೇ ಅಂಡಾಶಯಗಳಿದ್ದ ಏಳು ಮಂದಿಯ ವಿವರ ಪ್ರಕಟಿಸಿದರು. ಮುಟ್ಟಿನ ಏರುಪೇರು, ಕೆಲವರಿಗೆ ಮುಖದ ಮೇಲೆ ಕೂದಲು. ಅಂಡಾಶಯದಿಂದ ಬೆಣೆಯಾಕಾರದ ತುಂಡು ಕತ್ತರಿಸಿ ತೆಗೆದ ಮೇಲೆ ಏಳೂ ಜನಕ್ಕೆ ಮುಟ್ಟು ಮರಳಿತು, ಇಬ್ಬರು ಗರ್ಭಿಣಿಯರಾದರು. ಮುಂದೆ ಇದಕ್ಕೆ 'ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್' ಎಂಬ ಹೆಸರು ಬಂತು. ಹೆಸರೇ ದಾರಿ ತಪ್ಪಿಸಿತೆನ್ನಬೇಕು. ಅಲ್ಲಿರುವುದು ನೀರ್ಗುಳ್ಳೆಗಳಲ್ಲ, ಬಲಿಯದೆ ನಡುವೆ ನಿಂತುಹೋದ ಅಂಡಕೋಶಗಳು. ಗಂಡು ಹಾರ್ಮೋನು ಎನ್ನುವ ಆಂಡ್ರೊಜೆನ್‌ನ ಹೆಚ್ಚಳ, ಇನ್ಸುಲಿನ್‌ನ ಏರುಪೇರು ಇವೇ ಮುಖ್ಯ. ಇನ್ಸುಲಿನ್‌ನ ನಂಟು ಬೆಳಕಿಗೆ ಬಂದದ್ದು 1980ರಲ್ಲಿ.

ತಾಯಿ, ಅಕ್ಕ, ತಂಗಿ ಎಲ್ಲರಿಗೂ ಇದೇ ತೊಂದರೆಯಿರುವ ಮನೆಗಳು ವೈದ್ಯರ ಕಣ್ಣಿಗೆ ಬೀಳುತ್ತಿದ್ದವು. 1968ರ ಒಂದು ಅಧ್ಯಯನ, ಮೆಂಡೆಲನ ಬಟಾಣಿಯಂತೆ ಒಂದೇ ಪ್ರಬಲ ವಂಶವಾಹಿ ಇದರ ಹಿಂದಿರಬಹುದು ಎಂದಿತು. ವಿಷಯ ಅಷ್ಟು ಸರಳವಾಗಿರಲಿಲ್ಲ. 2006ರಲ್ಲಿ ನೆದರ್‌ಲ್ಯಾಂಡ್ಸ್‌ನ ಅವಳಿ ಸೋದರಿಯರನ್ನು ಹೋಲಿಸಿದಾಗ ಅನುವಂಶೀಯತೆಯ ಪಾಲು ನೂರಕ್ಕೆ ಸುಮಾರು 70 ಎಂದು ಕಂಡಿತು. ತಾಯಿಗಿದ್ದರೆ ನೂರರಲ್ಲಿ 70 ಹೆಣ್ಣುಮಕ್ಕಳಿಗೆ ಬಂದೇ ತೀರುತ್ತದೆಂದು ಇದರ ಅರ್ಥವಲ್ಲ. ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಎಷ್ಟೆಂಬುದನ್ನಷ್ಟೇ ಆ ಅಂಕಿ ಹೇಳುತ್ತದೆ. ನಾನು ವಿಜ್ಞಾನ ಓದಿದವನಾದರೂ ಈ ಎರಡನ್ನೂ ಬಹುಕಾಲ ಒಂದೆಂದೇ ತಿಳಿದಿದ್ದೆ.

2011ರಲ್ಲಿ ಚೀನಾದ ಚೆನ್ ಜಿಜಿಯಾಂಗ್ ಮತ್ತು ಸಂಗಡಿಗರು ಸಾವಿರಾರು ಹೆಂಗಸರ ಡಿಎನ್‌ಎ ಜಾಲಾಡಿ ಮೂರು ತಾಣ ಗುರುತಿಸಿದರು: ಎರಡನೆಯ ವರ್ಣತಂತುವಿನಲ್ಲಿ ಎರಡು, ಒಂಬತ್ತನೆಯದರಲ್ಲಿ ಒಂದು. ಒಂಬತ್ತನೆಯದರಲ್ಲಿ ಸಿಕ್ಕಿದ ವಂಶವಾಹಿಗೆ ಡೆನ್‌ಡಿ1ಎ ಎಂದು ಹೆಸರು. ಅದಕ್ಕೂ ಅಂಡಾಶಯಕ್ಕೂ ಏನು ಸಂಬಂಧವೆಂದು ಆಗ ತಿಳಿದಿರಲಿಲ್ಲ. 2014ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಪ್ರಯೋಗಾಲಯವೊಂದು ಆರೋಗ್ಯವಂತ ಅಂಡಾಶಯದ ಜೀವಕೋಶಗಳಲ್ಲಿ ಅದರ ಒಂದು ರೂಪವನ್ನು ಹೆಚ್ಚಿಸಿ ನೋಡಿತು. ಆ ಜೀವಕೋಶಗಳು ಹೆಚ್ಚು ಆಂಡ್ರೊಜೆನ್ ತಯಾರಿಸತೊಡಗಿದವು!

2018ರಲ್ಲಿ ಯೂರೋಪು ಮೂಲದ 10,000ಕ್ಕೂ ಮಿಕ್ಕಿದ ರೋಗಿಗಳ ಪರೀಕ್ಷೆಯಿಂದ ಹದಿನಾಲ್ಕು ತಾಣಗಳು ಗೊತ್ತಾದವು. ಇವರಲ್ಲಿ ಕೆಲವರನ್ನು ವೈದ್ಯರು ಗುರುತಿಸಿದ್ದರು. ಉಳಿದವರು ತಮಗೆ ಈ ತೊಂದರೆಯಿದೆಯೆಂದು ತಾವೇ ಹೇಳಿಕೊಂಡವರು. ಎರಡು ಗುಂಪಿನಲ್ಲೂ ವಂಶವಾಹಿಗಳ ಚಿತ್ರ ಬಹುತೇಕ ಒಂದೇ. 'ಅದೆಲ್ಲ ನಿನ್ನ ಭ್ರಮೆ' ಎನಿಸಿಕೊಂಡು ಮನೆಗೆ ಮರಳಿದ ಹುಡುಗಿಯರು ಎಷ್ಟೋ!

ಒಂದೊಂದು ತಾಣ ಅಪಾಯವನ್ನು ಹೆಚ್ಚಿಸುವುದು ಅಲ್ಪಸ್ವಲ್ಪ. ಎಲ್ಲ ಸೇರಿದರೂ ಅನುವಂಶೀಯತೆಯ ಸಣ್ಣ ಭಾಗವಷ್ಟೇ ವಿವರಣೆಗೆ ಸಿಕ್ಕಿದೆ. ಈ ಮಾರ್ಪಾಡುಗಳು ತಂದೆಯಿಂದಲೂ ಬರುತ್ತವೆ. 2020ರ ದಶಕದಲ್ಲಿ ಬ್ರಿಟನ್ನಿನ ಗಂಡಸರ ಡಿಎನ್‌ಎ ನೋಡಿದಾಗ, ಇವು ಹೆಚ್ಚಾಗಿದ್ದವರಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ, ಬೋಳುತಲೆ ಹೆಚ್ಚಾಗಿ ಕಂಡವು. ಅವರಿಗೆ ಅಂಡಾಶಯವೇ ಇಲ್ಲ.