ಐಜಿಇ ರಿಪೋರ್ಟಿಗೆ ಸಿಗದ ಮಾಸ್ಟ್ ಕೋಶ

ಪಿತ್ತಗಂಧೆ ಎದ್ದವರಲ್ಲಿ ಅನೇಕರು ಈಗ ಐಜಿಇ ರಿಪೋರ್ಟ್ ಹಿಡಿದುಕೊಂಡೇ ಚರ್ಮವೈದ್ಯರ ಬಳಿಗೆ ಬರುತ್ತಾರೆ. ಅಂಕಿ ಜಾಸ್ತಿಯಿದ್ದರೆ ಬದನೆಕಾಯಿ, ಕಡಲೆಬೀಜ, ಮೊಟ್ಟೆ, ಮೀನು ಎಲ್ಲವೂ ಬಂದ್. ಕಡಿಮೆಯಿದ್ದರೆ 'ನಿಮಗೇನೂ ಇಲ್ಲ' ಎಂಬ ಸಮಾಧಾನ. ಸುಮಾರು ನೂರೈವತ್ತು ವರ್ಷಗಳಲ್ಲಿ ಬೆಳೆದ ತಿಳಿವಳಿಕೆಯನ್ನು ಹೀಗೆ ಒಂದು ಅಂಕಿಗೆ ಇಳಿಸಿರುವುದನ್ನು ನೋಡಿಕೊಂಡು ಸುಮ್ಮನಿರಲಾಗದೆ ಈ ಲೇಖನ.

ಗಂಧೆ ಏಳುವುದು ಚರ್ಮದಲ್ಲಿರುವ ಮಾಸ್ಟ್ ಕೋಶ ಕೆರಳಿದಾಗ. ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಖ್ ಈ ಕೋಶವನ್ನು ಗುರುತಿಸಿದ್ದು 1878ರಲ್ಲಿ, ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ. ಟೊಲುಯಿಡಿನ್ ನೀಲಿ ಹಾಕಿದ ಚರ್ಮದ ಸ್ಲೈಡನ್ನು ಇವತ್ತು ನೋಡಿದರೂ ಅವರ ಬೆರಗು ಅರ್ಥವಾಗುತ್ತದೆ: ಸುತ್ತಲಿನದೆಲ್ಲ ನೀಲಿ, ರಕ್ತನಾಳದ ಮಗ್ಗುಲಲ್ಲಿ ಕುಳಿತ ಈ ಕೋಶಗಳ ಒಡಲು ಮಾತ್ರ ನೇರಳೆ. ಆ ನೇರಳೆ ಕಣಗಳಲ್ಲೇ, ತುರಿಕೆ ಮತ್ತು ಉಬ್ಬು ಎಬ್ಬಿಸುವ ಹಿಸ್ಟಮಿನ್ ಇದೆಯೆಂದು ರೈಲಿ ಮತ್ತು ವೆಸ್ಟ್ 1953ರಲ್ಲಿ ತೋರಿಸಿದರು. 1966ರಲ್ಲಿ ಅಮೆರಿಕದಲ್ಲಿದ್ದ ಇಷಿಜಾಕಾ ದಂಪತಿ, ಮರುವರ್ಷ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನಿಕ್, ಅಲರ್ಜಿಯಲ್ಲಿ ಮಾಸ್ಟ್ ಕೋಶವನ್ನು ಕೆರಳಿಸುವ ಐಜಿಇ ಪ್ರತಿಕಾಯವನ್ನು ಬೆಳಕಿಗೆ ತಂದರು. ನೊಬೆಲ್‌ಗೆ ಯೋಗ್ಯವಾದ ಕೆಲಸ ಅದು, ಬರಲಿಲ್ಲ. ಆದರೆ ಆ ಗೆಲುವಿನ ಭರದಲ್ಲಿ, ಮಾಸ್ಟ್ ಕೋಶವೆಂದರೆ ಐಜಿಇ ಹೇಳಿದಂತೆ ಕೇಳುವ ಆಳು ಎಂಬ ಭಾವನೆ ಬೇರೂರಿತು.

ಅದನ್ನು ಅಲುಗಾಡಿಸಿದ್ದು ನಮ್ಮ ತಲೆಮಾರು. 1993ರಲ್ಲಿ ಲಂಡನ್ನಿನ ಮಾಲ್ಕಮ್ ಗ್ರೀವ್ಸ್ ತಂಡ, ವರ್ಷಗಟ್ಟಲೆ ಗಂಧೆಯಿಂದ ನರಳುವ ಕೆಲವರಲ್ಲಿ, ಮಾಸ್ಟ್ ಕೋಶದಲ್ಲಿ ಐಜಿಇ ಕೂರುವ ಗ್ರಾಹಕದ ಮೇಲೆಯೇ ಎರಗುವ ಪ್ರತಿಕಾಯಗಳಿವೆ ಎಂದು ಸಾಬೀತುಮಾಡಿತು. ಅಂಥವರ ಕಾಯಿಲೆಯ ಮೂಲ ಊಟದ ತಟ್ಟೆಯಲ್ಲಿಲ್ಲ, ಅವರದೇ ರಕ್ತದಲ್ಲಿದೆ. ಇದರ ಸುಳಿವು ಹಿಡಿಯುವ ಪರೀಕ್ಷೆ ದುಬಾರಿಯದೂ ಅಲ್ಲ. ರೋಗಿಯ ರಕ್ತ ತೆಗೆದು, ಸೀರಮ್ ಬೇರ್ಪಡಿಸಿ, 0.05 ಮಿಲಿಯಷ್ಟನ್ನು ಅವರದೇ ಮುಂಗೈ ಚರ್ಮದೊಳಗೆ ಚುಚ್ಚಬೇಕು. ಹೋಲಿಕೆಗೆಂದು ಪಕ್ಕದಲ್ಲಿ ಸಲೈನ್, ಅದರಾಚೆ ಹಿಸ್ಟಮಿನ್. ಅರ್ಧ ಗಂಟೆ ಬಿಟ್ಟು ಸ್ಕೇಲಿಟ್ಟು ಅಳೆದಾಗ, ಸೀರಮ್ಮಿನ ಉಬ್ಬು ಸಲೈನಿನ ಉಬ್ಬಿಗಿಂತ ಕನಿಷ್ಠ 1.5 ಮಿಲಿಮೀಟರ್ ದೊಡ್ಡದಿದ್ದರೆ ಪಾಸಿಟಿವ್. ಇದೊಂದರಿಂದಲೇ ರೋಗ ನಿರ್ಣಯವಾಗದು, ನಿಜ. ಆದರೂ ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದಾದ ಈ ಪರೀಕ್ಷೆಯನ್ನು ಬಿಟ್ಟು, ಸಾವಿರಾರು ರೂಪಾಯಿಯ ಅಲರ್ಜಿ ಪ್ಯಾನೆಲ್ ಬರೆಯುವುದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

2015ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಶಿನ್‌ಝಾಂಗ್ ಡಾಂಗ್ ಅವರ ಗುಂಪು ಇನ್ನೂ ದೂರ ಹೋಯಿತು. ಸಿಪ್ರೊಫ್ಲಾಕ್ಸಸಿನ್‌ನಂಥ ಔಷಧಗಳು ಐಜಿಇಯ ಹಂಗೇ ಇಲ್ಲದೆ, ಎಂಆರ್‌ಜಿಪಿಆರ್‌ಎಕ್ಸ್2 ಎಂಬ ಗ್ರಾಹಕದ ಮೂಲಕ ಮಾಸ್ಟ್ ಕೋಶವನ್ನು ಕೆರಳಿಸಬಲ್ಲವೆಂದು ತಿಳಿದುಬಂತು. ವ್ಯಾಂಕೊಮೈಸಿನ್ ಡ್ರಿಪ್ ಜೋರಾಗಿ ಹರಿಸಿದಾಗ ಮುಖ, ಕುತ್ತಿಗೆ, ಎದೆ ಉರಿದು ತುರಿಸುವುದಕ್ಕೂ ಆಮೇಲೆ ಇದರಲ್ಲೇ ಉತ್ತರ ಸಿಕ್ಕಿತು. ನರತುದಿಗಳು ಸೂಸುವ 'ಸಬ್‌ಸ್ಟೆನ್ಸ್ ಪಿ' ಕೂಡ ಈ ಗ್ರಾಹಕವನ್ನು ತಟ್ಟುತ್ತದೆ. ಚಿಂತೆ ಹೆಚ್ಚಿದಾಗ ಮೈ ನವೆಯಾಗುತ್ತದೆ ಎಂದ ರೋಗಿಯ ಮಾತನ್ನು ಇನ್ನು ತಳ್ಳಿಹಾಕುವಂತಿಲ್ಲ.

ಐಜಿಇಯನ್ನು ಹಿಡಿದಿಡುವ ಓಮಲಿಜುಮಾಬ್ ಎಂಬ ಚುಚ್ಚುಮದ್ದು 2014ರಿಂದ ದೀರ್ಘಕಾಲದ ಪಿತ್ತಗಂಧೆಗೂ ಬಳಕೆಯಲ್ಲಿದೆ, ಬಹಳ ಜನಕ್ಕೆ ನಿದ್ದೆ ಮರಳಿಸಿದೆ. ಇದನ್ನೇ ಮುಂದಿಟ್ಟು ಎಲ್ಲವೂ ಐಜಿಇಯ ಆಟವೆನ್ನುವವರು, ಆ ಚುಚ್ಚುಮದ್ದಿನಿಂದ ಗುಣ ಕಾಣದವರ ಬಗ್ಗೆ ಏನೂ ಹೇಳುವುದಿಲ್ಲ.

ಆಗಬೇಕಾದ ಕೆಲಸ ಬೇಕಾದಷ್ಟಿದೆ. ಇಲಿಯಲ್ಲಿ ಎಂಆರ್‌ಜಿಪಿಆರ್‌ಎಕ್ಸ್2 ಗ್ರಾಹಕದ ಜೋಡಿ ಬೇರೆಯೇ ರೂಪದ್ದು. ಅಲ್ಲಿ ಕೆಲಸ ಮಾಡಿದ ಮದ್ದು ಮನುಷ್ಯರಲ್ಲೂ ಮಾಡೀತೆಂದು ನಂಬಿ ಕೂರುವ ಹಾಗಿಲ್ಲ. ಹೊಟ್ಟೆಹುಳದ ಕಾಟವಿರುವ ಕಡೆ ಐಜಿಇ ಮೊದಲೇ ಏರಿರುತ್ತದೆ. ಯೂರೋಪಿನ ನಗರವಾಸಿಗಳ ರಕ್ತ ನೋಡಿ ಗೊತ್ತುಮಾಡಿದ ಮಿತಿಯನ್ನು ರಾಯಚೂರಿನ ಕೃಷಿಕೂಲಿಗೆ ಅನ್ವಯಿಸಿದರೆ ಅರ್ಥವೇ ಕೆಡುತ್ತದೆ. ಪಠ್ಯಪುಸ್ತಕದ ಕೆಂಪು ದದ್ದು ಕಪ್ಪು ಚರ್ಮದ ಮೇಲೆ ಕೆಂಪಾಗಿ ಕಾಣುವುದಿಲ್ಲ, ಬೆರಳಾಡಿಸಿದರೆ ಮಾತ್ರ ಉಬ್ಬು ತಿಳಿಯುತ್ತದೆ. ನಮ್ಮ ವೈದ್ಯಕೀಯ ಕಾಲೇಜುಗಳ ಚರ್ಮ ವಿಭಾಗಗಳಲ್ಲಿ ರೋಗಿಗಳಿಗೂ ಕೊರತೆಯಿಲ್ಲ, ಸ್ಲೈಡುಗಳಿಗೂ ಇಲ್ಲ. ಪಿತ್ತಗಂಧೆಯ ರೋಗಿಯಿಂದ ಒಪ್ಪಿಗೆ ಪಡೆದು ತೆಗೆದ ಅಕ್ಕಿಕಾಳಿನಷ್ಟು ಚರ್ಮ, ಒಂದು ಸೀರಮ್ ಪರೀಕ್ಷೆ, ಮಲದಲ್ಲಿ ಹುಳದ ಮೊಟ್ಟೆಗಳ ತಪಾಸಣೆ, ಈ ಮೂರನ್ನು ಒಟ್ಟಿಗೆ ಇಟ್ಟು ನೋಡುವ ಅಧ್ಯಯನ ಇಲ್ಲಿಂದಲೇ ಶುರುವಾಗಬಹುದು.